ಗ್ಲಾಶಾಳ ಟೊಮೇಟೊ, ರಿಮ್ಮಾಳ ಒಲೆ

ನನ್ನ ಹೆಂಡತಿ ಗ್ಲಾಶಾ ಹಿಡಿದ ಮೊಲಕ್ಕೆ ಮೂರೇ ಕಾಲು. ನಮ್ಮ ಉರಲ್ ಬೆಟ್ಟಗಳ ಸೀಮೆಯಲ್ಲಿ ಎಲ್ಲ ಹೆಂಗಸರೂ ಕಿಟಕಿಕಟ್ಟೆಯ ಮೇಲೆ ಟೊಮೇಟೊ ಸಸಿ ಮಾಡುತ್ತಾರೆ, ಆದರೆ ಮಾರ್ಚ್ ಬಂದ ಮೇಲೆ. ಈಕೆಗೆ ಅಷ್ಟು ತಾಳ್ಮೆ ಎಲ್ಲಿ? ಫೆಬ್ರವರಿಯಲ್ಲಿ, ಹೊರಗೆ ಮಂಡಿಯುದ್ದ ಹಿಮ ಬಿದ್ದಿರುವಾಗಲೇ ಬಿತ್ತಿಬಿಡುತ್ತಾಳೆ. ಆಯುಸ್ಸೆಲ್ಲ ಟ್ರಾಮ್ ಓಡಿಸಿದವಳು. ತಡವಾಗುವುದೊಂದೇ ಪಾಪ, ಉಳಿದದ್ದೆಲ್ಲ ಕ್ಷಮ್ಯ ಎಂದು ನಂಬಿದವಳು.

ಈ ವರ್ಷ ವಸಂತವೇ ತಡಮಾಡಿತು. ಏಪ್ರಿಲ್ ಮುಗಿದರೂ ನದಿಯ ಮಂಜುಗಡ್ಡೆ ಅಲುಗಲಿಲ್ಲ. ಕತ್ತರಿಸಿದ ಹಾಲಿನ ಪೊಟ್ಟಣಗಳಲ್ಲಿದ್ದ ಸಸಿಗಳಿಗೆ ಇದರ ಪರಿವೆಯೇ ಇಲ್ಲ, ಬೆಳೆದದ್ದೇ ಬೆಳೆದದ್ದು. ಕಿಟಕಿ ಮುಚ್ಚಿಹೋಗಿ ಮಧ್ಯಾಹ್ನವೂ ದೀಪ ಹಾಕಿಕೊಂಡು ಸೂಪು ಕುಡಿಯುವ ಗತಿ ಬಂತು. ನನ್ನ ಕುರ್ಚಿಯ ಮೇಲೆ ಒಂದು ಪೆಟ್ಟಿಗೆ ಬಂದು ಕೂತಿತು, ನಾನು ಸ್ಟೂಲಿಗೆ ಹೋದೆ. ಸ್ಟೂಲಿಗೂ ಒಂದು ಬಂತು. ನಿಂತುಕೊಂಡು ಉಂಡರೆ ಚೆನ್ನಾಗಿ ಅರಗುತ್ತದೆ ಎಂದಳು ಗ್ಲಾಶಾ.

ಹಾಗಂತ ನಾನು ಜಗಳಕ್ಕೆ ಹೋಗಲಿಲ್ಲ. ಅದು ಅವಳ ತಾಯಿಯ ತಳಿ. ಮುಷ್ಟಿಗಿಂತ ದಪ್ಪ ಹಣ್ಣು, ಒಳಗೆಲ್ಲ ಬೆಲ್ಲದ ಹಾಗೆ ಸಿಹಿ. ತಾಯಿ ಸತ್ತ ಮೇಲೆ ಪ್ರತಿ ವರ್ಷ ಬೀಜ ತೆಗೆದು, ಒಣಗಿಸಿ, ಬಿತ್ತಿ, ಆ ತಳಿಯನ್ನು ಉಳಿಸಿಕೊಂಡು ಬಂದಿದ್ದಳು. ಈ ಸಲ ಮೊಳಕೆ ಬರುತ್ತದೋ ಇಲ್ಲವೋ ಎಂಬ ಭಯಕ್ಕೆ ಒಂದು ಬೀಜವನ್ನೂ ಮಿಗಿಸದೆ ಸುರಿದಿದ್ದಳು. ಈ ಸಸಿಗಳು ಸತ್ತರೆ ತಳಿಯೇ ಮುಗಿಯಿತು.

ಮೇ ರಜೆ ಬಂತು. ಮೇ ರಜೆಯಲ್ಲಿ ಊರಾಚೆಯ ತೋಟಕ್ಕೆ ಹೋಗದವನು ನಮ್ಮಲ್ಲಿ ಮನುಷ್ಯನೇ ಅಲ್ಲ. ಒಂದು ದಿನ ಬಿಸಿಲು ಕಂಡಿತು ನೋಡಿ, ಇಡೀ ಊರೇ ಪೆಟ್ಟಿಗೆ ಹೊತ್ತುಕೊಂಡು ರೈಲಿಗೆ ನುಗ್ಗಿತು. ಸಸಿಗಳಿಗೆ ಸೀಟು, ಗಂಡಂದಿರು ನಿಂತುಕೊಂಡು ಬಂದೆವು. ತೋಟ ತಲುಪಿದ ಮಾರನೆಯ ಮಧ್ಯಾಹ್ನ ಗಾಳಿ ಉತ್ತರಕ್ಕೆ ತಿರುಗಿ ಹಿಮ ಉದುರತೊಡಗಿತು. ರಾತ್ರಿ ನೀರು ಹೆಪ್ಪುಗಟ್ಟುವಷ್ಟು ಚಳಿ ಎಂದಿತು ರೇಡಿಯೋ. ವಾಪಸು ಹೋಗಲು ರೈಲು ಇದ್ದದ್ದು ಬೆಳಿಗ್ಗೆ.

ಮನೆ ಬೆಚ್ಚಗಾಗಿಸಲು ಒಲೆ ಹಚ್ಚೋಣವೆಂದರೆ ತೋಟದ ಮನೆಯಲ್ಲಿ ಒಲೆ ಎಲ್ಲಿದೆ? ಬೇಸಿಗೆಗೆ ಬರುವ ಮನೆಗೆ ಒಲೆ ಯಾಕೆಂದು ಹೋದ ವರ್ಷ ಗ್ಲಾಶಾ ಅದನ್ನು ಕೀಳಿಸಿ, ಆ ಇಟ್ಟಿಗೆಯಿಂದ ಈರುಳ್ಳಿ ಪಾತಿಗೆ ಚೆಂದದ ಅಂಚು ಕಟ್ಟಿಸಿದ್ದಳು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು! ಕಿತ್ತವನೂ ನಾನೇ, ಕಟ್ಟಿದವನೂ ನಾನೇ.

ಹೊಗೆ ಏಳುತ್ತಿದ್ದದ್ದು ಪಕ್ಕದ ತೋಟದ ರಿಮ್ಮಾಳ ಮನೆಯಲ್ಲಿ ಮಾತ್ರ. ಗ್ಲಾಶಾಗೂ ಅವಳಿಗೂ ಮಾತು ಬಿಟ್ಟು ಎಷ್ಟೋ ವರ್ಷವಾಗಿತ್ತು. ನಮ್ಮ ಲೈಲಾಕ್ ಹೂಗಿಡ ಬೇಲಿ ದಾಟಿತೆಂದು ರಿಮ್ಮಾ ಅದರ ಕೊಂಬೆಗಳನ್ನು ಕಡಿದು, ಕಟ್ಟು ಕಟ್ಟಿ, ನಮ್ಮ ಬಾಗಿಲಿಗೇ ತಂದಿಟ್ಟಿದ್ದಳು. ಕಡಿದದ್ದಕ್ಕಿಂತ ಆ ಕಟ್ಟು ಗ್ಲಾಶಾಳನ್ನು ಹೆಚ್ಚು ಉರಿಸಿತ್ತು. ಈಗ ಅವಳು ಒಂದು ಸಲ ಸಸಿಗಳನ್ನು, ಒಂದು ಸಲ ಆ ಹೊಗೆಯನ್ನು ನೋಡಿದಳು.

"ವೆನ್ಯಾ, ನೀನು ಹೋಗಿ ಕೇಳು. ನಾನಂತೂ ಸತ್ರೂ ಆ ಹೊಸಿಲು ತುಳಿಯಲ್ಲ," ಎಂದಳು.

ರಿಮ್ಮಾ ಬಾಗಿಲು ತೆಗೆದು ನನ್ನ ಕೈಯಲ್ಲಿದ್ದ ಪೆಟ್ಟಿಗೆ ನೋಡಿದಳು. "ಸಸಿ ಒಳಗೆ ತನ್ನಿ, ಪಾಪ ಅವೇನು ಮಾಡಿದ್ವು. ನಿಮ್ಮ ಯಜಮಾನ್ತಿಗೆ ಬೇಕಾದ್ರೆ ದಾರಿ ಗೊತ್ತಿದೆ," ಎಂದಳು. ಗ್ಲಾಶಾಗೆ ದಾರಿ ಬೇಕಾಗಲಿಲ್ಲ. ಮೂರು ಕೋಟು ಹಾಕಿಕೊಂಡು, ಮಂಜಿನ ಗಡ್ಡೆಯಂಥ ನಮ್ಮ ಮನೆಯಲ್ಲೇ ಕೂತಳು. ಒಲೆಗೆ ಸೌದೆ ಹಾಕುವ ಕೆಲಸ ನನ್ನದಾಯಿತು. ರಿಮ್ಮಾ ಪ್ಯಾನ್‌ಕೇಕ್ ಮಾಡಿ ಬಡಿಸಿದಳು, ನಾನು ಕೂತುಕೊಂಡು ತಿಂದೆ. ಕೂತು ತಿನ್ನುವ ಸುಖ ಇಷ್ಟಿರುತ್ತದೆಂದು ಮರೆತೇಹೋಗಿತ್ತು.

ಬೆಳಕು ಹರಿಯುತ್ತಲೇ ಗ್ಲಾಶಾ ಆ ಹೊಸಿಲು ದಾಟಿ ನೇರ ಒಲೆಯ ಹತ್ತಿರ ಬಂದಳು. ಪ್ರತಿ ಸಸಿಯ ಎಲೆ ಮುಟ್ಟಿ ನೋಡಿದಳು. ಎಲ್ಲ ಬದುಕಿದ್ದವು. ಗೆದ್ದವಳ ಗತ್ತಿನಲ್ಲಿ ತಿರುಗಿದವಳ ಕಣ್ಣು ಬಾಗಿಲಾಚೆಯ ಜಗಲಿಯ ಮೇಲೆ ಬಿತ್ತು. ಅಲ್ಲಿದ್ದ ಪೆಟ್ಟಿಗೆಗಳ ತುಂಬ ಸಸಿಗಳು ಬೇಯಿಸಿದ ಸೊಪ್ಪಿನ ಹಾಗೆ ಕಪ್ಪಾಗಿ ಮಲಗಿದ್ದವು.

"ಇವು ಯಾರದ್ದು?"

"ನನ್ನದೇ," ಎಂದಳು ರಿಮ್ಮಾ, ಪಾತ್ರೆ ಉಜ್ಜುತ್ತ. "ಒಳಗೆ ಜಾಗ ಎಲ್ಲಿತ್ತು? ನಿಮ್ಮವು ಗಿಡವೋ ವಿದ್ಯುತ್ ಕಂಬವೋ ಗೊತ್ತಾಗಲ್ಲ."

ಗ್ಲಾಶಾ ಜಗಲಿಗೆ ಹೋಗಿ ಆ ಕಪ್ಪು ಎಲೆಗಳನ್ನೂ ಮುಟ್ಟಿ ನೋಡಿ ಬಂದಳು. ರಾತ್ರಿ ನಾನು ಪ್ಯಾನ್‌ಕೇಕ್ ತಿನ್ನುತ್ತಿದ್ದಾಗಲೇ ಅವನ್ನು ಹೊರಗಿಟ್ಟಿರಬೇಕು, ನಾನು ನೋಡಿಯೇ ಇರಲಿಲ್ಲ. ಗ್ಲಾಶಾ ಬಗ್ಗಿ ನಮ್ಮ ಪೆಟ್ಟಿಗೆಗಳಲ್ಲಿ ಅರ್ಧದಷ್ಟನ್ನು, ಅದರಲ್ಲೂ ದಷ್ಟಪುಷ್ಟವಾದವನ್ನೇ ಆರಿಸಿ, ರಿಮ್ಮಾಳ ಕಿಟಕಿಯ ಕಡೆ ಸರಿಸಿದಳು.

"ಇವು ಇಲ್ಲೇ ಇರ್ಲಿ. ವೆನ್ಯಾಗೆ ಸೊಂಟ ನೋವು, ಇಷ್ಟೊಂದು ಹೊರಕ್ಕಾಗಲ್ಲ."

ನನ್ನ ಸೊಂಟ ಗಟ್ಟಿಯಾಗೇ ಇತ್ತು. ಆದರೂ ಒಂದು ಸಲ ಹಿಡಿದುಕೊಂಡು ನರಳಿದೆ.

ರಿಮ್ಮಾ ಪಾತ್ರೆ ಕೆಳಗಿಟ್ಟಳು. ಕಣ್ಣು ತುಂಬಿತ್ತು, ತುಟಿ ಅದುರುತ್ತಿತ್ತು. ಅವಳು ಬಾಯಿ ತೆರೆಯುವಷ್ಟರಲ್ಲಿ ಗ್ಲಾಶಾ ಹಾರಿ ಹೋಗಿ ಮಣ್ಣಿನ ಕೈಯಲ್ಲೇ ಅವಳ ಬಾಯಿ ಮುಚ್ಚಿದಳು. ಸಸಿ ಕೊಟ್ಟವರಿಗೆ ಉಪಕಾರವಾಯಿತು ಎಂದು ಹೇಳಿದರೆ ಆ ಸಸಿ ಬೇರೂರುವುದಿಲ್ಲ. ಇದು ನಮ್ಮಲ್ಲಿ ಹಾಲು ಕುಡಿಯುವ ಮಗುವಿಗೂ ಗೊತ್ತು.

"ಉಪಕಾರ ಗಿಪಕಾರ ಅಂದೀಯ, ಜೋಕೆ ರಿಮ್ಮಾ. ಅದು ನಮ್ಮಮ್ಮನ ಗಿಡ ಕಣೇ. ಬದುಕ್ಬೇಕು."

ರಿಮ್ಮಾ ಆ ಕೈಯನ್ನು ತಳ್ಳಲಿಲ್ಲ. ಅವಳ ಕಣ್ಣೀರು ಗ್ಲಾಶಾಳ ಬೆರಳುಗಳ ಮಣ್ಣಿಗೆ ಇಳಿಯುತ್ತಿತ್ತು, ತಲೆ ಮಾತ್ರ ಆಗಲಿ ಆಗಲಿ ಎಂದು ಅಲ್ಲಾಡುತ್ತಿತ್ತು.