‘ನೋಡೋಣ್ರಿ’ ಅಂದರೆ ಬರೋದಿಲ್ಲ ಅಂತ

ಶನಿವಾರ ಹನ್ನೊಂದು ಜನ ‘ನೋಡೋಣ್ರಿ’ ಅಂದರು. ಭಾನುವಾರ ಬಂದವರು ಇಬ್ಬರೇ. ನಾನು ಮತ್ತು ಬೀದರಿನ ಶಿವಲೀಲಾ. ಬಡಿಯಬೇಕಾದ ರೊಟ್ಟಿ ನೂರಿಪ್ಪತ್ತು!

ನಾಸಿಕ್‌ನಲ್ಲಿರುವ ನಾವೊಂದಿಷ್ಟು ಕನ್ನಡ ಮನೆಯವರು ಪ್ರತಿ ಭಾನುವಾರ ಒಂದು ಆಸ್ಪತ್ರೆಗೆ ಊಟ ಒಯ್ಯುತ್ತೇವೆ. ರೋಗಿಗಳ ಕಡೆಯವರು ಅರವತ್ತು ಮಂದಿ ಕಾಯುತ್ತಿರುತ್ತಾರೆ. ಎಲ್ಲರೂ ಸಂಬಳವಿಲ್ಲದ ಸ್ವಯಂಸೇವಕರು. ನಾನು ಅಧ್ಯಕ್ಷೆ. (ಬೇರೆ ಯಾರೂ ಒಪ್ಪಲಿಲ್ಲ.)

‘ನೋಡೋಣ್ರಿ’ ಎಂಥ ಸಭ್ಯ ಮಾತು! ಬರೋದಿಲ್ಲ ಅನ್ನುವುದನ್ನು ಇಷ್ಟು ನಯವಾಗಿ ಇನ್ಯಾವ ಮಾತು ಹೇಳೀತು? (ಮರಾಠಿಯ ‘ಬಘೂಯಾ’ ಇದರ ಸ್ವಂತ ತಂಗಿ.) ಹೇಳಿದವರು ಹಾಯಾಗಿರುತ್ತಾರೆ. ಹಿಟ್ಟು ಕಲಸಿಟ್ಟವರ ಗತಿ?

ಆ ದಿನ ಊಟ ಒಂದೂವರೆ ತಾಸು ತಡವಾಯಿತು. ಒಬ್ಬ ಅಜ್ಜಿ ಕಾದು ಕಾದು ಹಸಿದುಕೊಂಡೇ ವಾರ್ಡಿಗೆ ವಾಪಸ್ ಹೋಗಿದ್ದರು. ನನಗೆ ಸಿಟ್ಟು ನೆತ್ತಿಗೇರಿತು. ಮೀಟಿಂಗ್ ಕರೆದೆ. ‘ನಮ್ಮ ಕಲ್ಚರ್ ಬದಲಾಗಬೇಕು. ಆಗದಿದ್ದರ ಆಗೂದಿಲ್ಲ ಅನ್ರಿ’ ಅಂತ ಭಾಷಣ ಬಿಗಿದೆ. ಎಲ್ಲರೂ ಗೋಣು ಆಡಿಸಿದರು. ಮುಂದಿನ ಶನಿವಾರ? ಒಂಬತ್ತು ‘ನೋಡೋಣ್ರಿ’. ಬಂದವರು ಮತ್ತೆ ನಾವಿಬ್ಬರೇ.

ಕಳೆದ ವಾರ ನನ್ನ ಮಂಡಿ ಊದಿಕೊಂಡಿತು. ಇಂಥ ಹೊತ್ತಲ್ಲೂ ಬ್ಯಾಂಡೇಜ್ ಸುತ್ತಿಕೊಂಡು ಹೊರಡುವುದು ನನ್ನ ಅಭ್ಯಾಸ. ಈ ಸಲ ಸಾಕಾಗಿ ಹೋಗಿತ್ತು. ವಾಟ್ಸ್ಆ್ಯಪ್ ಗ್ರೂಪ್‌ನಲ್ಲಿ ಟೈಪ್ ಮಾಡಿದೆ: ‘ನಾಳೆ ನನಗ ಆಗೂದಿಲ್ರಿ.’

ಮೊದಲು ಉತ್ತರಿಸಿದ್ದು ಶಿವಲೀಲಾ: ‘ನನಗೂ ಆಗೂದಿಲ್ರಿ ಅಕ್ಕಾ, ಮಗಳ ಪರೀಕ್ಷಾ ಅದ.’ ಹಿಂದೆಯೇ ಸಾಲಾಗಿ ಐದು ‘ಆಗೂದಿಲ್ಲ’. ಅರವತ್ತು ಜನ ಉಪವಾಸ ಬೀಳುವುದು ಖಾತ್ರಿ ಅಂದುಕೊಂಡೆ. ಅಷ್ಟರಲ್ಲಿ ಸಾತಪುರದ ಫ್ಯಾಕ್ಟರಿಯಲ್ಲಿ ಕೆಲಸ ಮಾಡುವ ಮಲ್ಲಿಕಾರ್ಜುನ ಬರೆದರು: ‘ನಾವು ಮೂರು ಮಂದಿ ಪಕ್ಕಾ ಇದ್ದೀವ್ರಿ. ರೊಟ್ಟಿ ನಮ್ಮ ಕೈಲೆ ಆಗೂದಿಲ್ಲ, ಖಿಚಡಿ ಮಾಡ್ತೀವಿ. ಚಾಲ್ತದಲ್ರಿ?’

ಚಾಲದೆ ಏನು, ಧಾರಾಳವಾಗಿ ನಡೆಯುತ್ತದೆ! ಭಾನುವಾರ ಹನ್ನೆರಡೂವರೆಗೆಲ್ಲ ಫೋಟೊ ಬಂತು. ತುಂಬಿದ ತಟ್ಟೆಗಳು, ಖಾಲಿ ಪಾತ್ರೆ. ಉಸ್ಸಪ್ಪಾ ಅಂತ ಕಾಲು ಚಾಚಿದೆ. ಎಷ್ಟು ಹಗುರಾಯಿತು ಅಂತೀರಿ!

ಶಿವಲೀಲಾಗೆ ಫೋನ್ ಮಾಡಿ ಕೇಳಿದೆ, ಇಷ್ಟು ದಿನ ಯಾಕೆ ಯಾರೂ ಬಾಯಿ ಬಿಡಲಿಲ್ಲ?

‘ನೀವು ಜ್ವರ ಬಂದ್ರೂ ಬರ್ತಿದ್ರಿ ಅಕ್ಕಾ. ನಿಮ್ಮ ಮುಂದ ಆಗೂದಿಲ್ಲ ಅನ್ಲಿಕ್ಕ ನಾಚಿಕಿ ಬರ್ತಿತ್ರಿ.’

ಅಂದರೆ, ಕಲ್ಚರ್ ಬದಲಿಸಲು ಹೊರಟ ನಾನೇ ಬಾಗಿಲಿಗೆ ಅಡ್ಡ ನಿಂತಿದ್ದೆ.

ಅದೇ ಹುಮ್ಮಸ್ಸಿನಲ್ಲಿ ಮನೆಯವರನ್ನು ಕೇಳಿದೆ: ‘ಇವತ್ತಿನ ಅಡುಗಿ ನೀವು ಮಾಡ್ತೀರೇನು? ಆಗದಿದ್ದರ ಆಗೂದಿಲ್ಲ ಅನ್ರಿ. ನೋಡೋಣ ಮಾತ್ರ ಅನ್ನಬ್ಯಾಡ್ರಿ.’

ಅವರು ಪೇಪರ್‌ನಿಂದ ತಲೆ ಎತ್ತಲಿಲ್ಲ. ಭಾಷೆ ಮಾತ್ರ ಬದಲಿಸಿದರು: ‘ಬಘೂಯಾ.’