ಸೈಟಿನ ಹಿಂದೆ ಬರೆ ಇದೆಯೇ, ಕೇಳುತ್ತಾರೆ ಕಾಂತಮ್ಮ

ವಿರಾಜಪೇಟೆ ಬಸ್ ನಿಲ್ದಾಣದಲ್ಲಿ ಇನ್ನೂ ಬೆಳಕು ಹರಿದಿಲ್ಲ. ಪತ್ರಿಕೆಗಳ ಕಟ್ಟು ಬಿಚ್ಚುತ್ತಿರುವ ಕಾಂತಮ್ಮನ ಕೈ ದಾರದ ಮೇಲಿದ್ದರೂ ಕಣ್ಣು ಮಾತ್ರ ಬೆಟ್ಟದ ಕಡೆಗೇ. ರಾತ್ರಿಯಿಡೀ ಹೊಡೆದ ಮಳೆ ಇನ್ನೂ ಬಿಟ್ಟಿಲ್ಲ. "ಕಣ್ಣಿಗೆ ನಿದ್ದೆ ಹತ್ತಿಲ್ಲ ಕಣ್ರೀ" ಎನ್ನುತ್ತಾ ಮತ್ತೆ ಮೊಬೈಲ್ ನೋಡುತ್ತಾರೆ. ಗಿರಾಕಿ ನಂದೀಶ್ ಮನೆಯಲ್ಲಿ ಯಾರೂ ಕರೆ ಎತ್ತುತ್ತಿಲ್ಲ.

ಶನಿವಾರಸಂತೆ ಕಡೆಯ ಹೆಣ್ಣುಮಗಳು ಇವರು. ಗಂಡ ತೀರಿಕೊಂಡ ಮೇಲೆ ಅವರ ಪತ್ರಿಕೆ ಅಂಗಡಿಯನ್ನು ಒಬ್ಬರೇ ನಡೆಸುತ್ತಿದ್ದಾರೆ. ದಿನಪತ್ರಿಕೆ ಈಗ ಯಾರಿಗೆ ಬೇಕು, ಎಲ್ಲ ಮೊಬೈಲಿನಲ್ಲೇ! ಅಂಗಡಿಯನ್ನು ಉಳಿಸಿದ್ದು ಮನೆ ವಿನ್ಯಾಸದ ಮಾಸಪತ್ರಿಕೆಗಳು. ಹೊಸ ಮನೆ ಕಟ್ಟುವವರು ಮೇಸ್ತ್ರಿಗಿಂತ ಮೊದಲು ಇವರ ಬಳಿ ಬರುತ್ತಾರೆ. ಅಡುಗೆಮನೆ ಇಕ್ಕಟ್ಟೇ? ಇದನ್ನು ನೋಡಿ. ಗಾಳಿ ಬೆಳಕು ಬೇಕೇ? ಅದನ್ನು ತೆಗೆದುಕೊಳ್ಳಿ. ಯಾರಿಗೆ ಯಾವ ಪತ್ರಿಕೆ ಎಂದು ಕೂತಲ್ಲೇ ಆರಿಸಿ ಕೊಡುತ್ತಾರೆ.

ಗ್ಯಾರೇಜ್ ನಡೆಸುವ ನಂದೀಶ್‌ಗೂ ಹಾಗೆಯೇ ಆರಿಸಿ ಕೊಟ್ಟಿದ್ದರು. ಕುಶಾಲನಗರದ ಬಯಲಲ್ಲಿ ಬೆಳೆದ ನಂದೀಶ್ ಸೈಟು ಕೊಂಡಿದ್ದು ಊರಂಚಿನ ಇಳಿಜಾರಿನಲ್ಲಿ. ಪತ್ರಿಕೆಯ ಮುಖಪುಟದಲ್ಲಿ ಗಾಜಿನ ಗೋಡೆಯ ಮನೆ, ಸುತ್ತ ಸಪಾಟು ಅಂಗಳ. ತನಗೂ ಅಂಥದೇ ಅಂಗಳ ಬೇಕೆಂದು ಜೆಸಿಬಿ ತರಿಸಿ ಗುಡ್ಡವನ್ನೇ ಕಡಿಸಿಬಿಟ್ಟರು. ಈಗ ಮನೆಯ ಬೆನ್ನಿಗೆ ತಾರಸಿಗಿಂತ ಎತ್ತರದ ಬರೆ, ಅಂದರೆ ಗುಡ್ಡ ಕಡಿದು ಉಳಿದ ನೆಟ್ಟನೆಯ ಮಣ್ಣಿನ ಗೋಡೆ; ಹಸಿಮಣ್ಣು ಆಸರೆಯಿಲ್ಲದೆ ಹಾಗೇ ನಿಂತಿದೆ. ಬೇಸಿಗೆಯಲ್ಲಿ ಗೃಹಪ್ರವೇಶಕ್ಕೆ ಹೋದ ಕಾಂತಮ್ಮ ಅದನ್ನು ಕಂಡು ಹೌಹಾರಿದರು.

"ಪಾಯಸ ಅಲ್ಲೇ ಬಿಟ್ಟು ಎದ್ದುಬಂದೆ. ಆ ಫೋಟೋದ ಮನೆ ಬಯಲುಸೀಮೇದು ಅಂತ ನಂಗೆ ಹೊಳೀಲೇ ಇಲ್ವಲ್ಲಪ್ಪ! ಸೈಟ್ ಎಲ್ಲಿ ಅಂತ ಒಂದ್ಮಾತು ಕೇಳ್ಬೇಕಿತ್ತು."

ಅಂದಿನಿಂದ ಕೇಳದೆ ಯಾರ ಕೈಗೂ ಪತ್ರಿಕೆ ಕೊಡುವುದಿಲ್ಲ. ಸೈಟ್ ಎಲ್ಲಿ, ಹಿಂದೆ ಬರೆ ಇದೆಯಾ, ನೀರು ಯಾವ ಕಡೆ ಹರಿಯುತ್ತೆ? ಪಕ್ಕದ ಬೇಕರಿಯ ಅಭಿಲಾಷ್ ಕಿಚಾಯಿಸುತ್ತಾರೆ: "ಅಕ್ಕ, ಬುಕ್ ಮಾರ್ತಿದ್ದೀರೋ, ಹೆಣ್ಣು ನೋಡೋಕೆ ಬಂದಿದ್ದೀರೋ?" ಕಾಂತಮ್ಮನಿಗೆ ಇವತ್ತು ನಗು ಬರುವುದಿಲ್ಲ. ಆ ಮನೆಗೆ ಇದು ಮೊದಲ ಮಳೆಗಾಲ.

ಕೊನೆಗೂ ಮೊಬೈಲ್ ಬಡಿದುಕೊಳ್ಳುತ್ತದೆ. ನಂದೀಶ್ ಹೆಂಡತಿ ರಂಜಿತಾ. ಬರೆಯ ಬುಡದಿಂದ ಕೆಂಪು ನೀರು ಒಸರುತ್ತಿದೆಯಂತೆ, ಹಿತ್ತಿಲ ಬಾಗಿಲವರೆಗೂ ಬಂದಿದೆಯಂತೆ. ಕಾಂತಮ್ಮ ಕೂಗಿ ಹೇಳುತ್ತಾರೆ:

"ಮಗೂನ ಎತ್ಕೊಂಡು ಈಗ್ಲೇ ಹೊರಡಮ್ಮ. ಸಾಮಾನು ಮುಟ್ಬೇಡ, ನಮ್ಮನೇಗೆ ಬನ್ನಿ."

ಫೋನ್ ಕಿತ್ತುಕೊಂಡ ನಂದೀಶ್ ರೇಗುತ್ತಾರೆ: "ಆಂಟಿ, ಆ ಫೋಟೋದ ಮನೆ ಚೆಂದ ಅಂದಿದ್ದು ನೀವೇ. ಈಗ ಹೆದರ್ಸೋದೂ ನೀವೇನಾ?"

"ನಾನೇ ಕಣಪ್ಪ. ನಾನೇ ಹೇಳಿದ್ದು, ಅದಕ್ಕೇ ನಾನೇ ಕರೀತಿದ್ದೀನಿ. ಬಾ."

ಜೀಪು ಕಣ್ಣಿಗೆ ಬೀಳುವವರೆಗೂ ಕಾಂತಮ್ಮ ಕೂರುವುದಿಲ್ಲ, ಬಂದ ಗಿರಾಕಿಗೆ ಚಿಲ್ಲರೆ ಕೊಡುವುದೂ ಮರೆಯುತ್ತಾರೆ. ಮೂವರೂ ಇಳಿದ ಮೇಲೆ ಮಗುವನ್ನು ಅವುಚಿಕೊಂಡು ಅಂಗಡಿಯ ಹಿಂದಿನ ತಮ್ಮ ಒಂಟಿ ಕೋಣೆಗೆ ಕರೆದೊಯ್ಯುತ್ತಾರೆ. ಮಳೆ ಮುಗಿಯುವವರೆಗೆ ಎಲ್ಲರೂ ಇಲ್ಲೇ ಎಂದು ಅಪ್ಪಣೆಯೂ ಆಗುತ್ತದೆ.

ನೆಂದ ತಲೆ ಒರೆಸಿಕೊಳ್ಳುತ್ತಾ ನಂದೀಶ್ ಗೊಣಗುತ್ತಾರೆ: "ಬರೆ ಬೀಳ್ದಿದ್ರೆ ಊರೆಲ್ಲ ನಗುತ್ತೆ ಆಂಟಿ."

"ಅಯ್ಯೋ, ಅದು ಬೀಳ್ದೇ ಇರ್ಲಿ ಮಾರಾಯ. ಈ ಕಾಂತಮ್ಮ ಪುಕ್ಕಲಿ ಅಂತ ಮಳೆಗಾಲ ಪೂರ್ತಿ ಊರೇ ನಗ್ಲಿ. ನಂಗೆ ಅಷ್ಟು ಸಾಕು."