ಹುಲಿಗೆವ್ವನ ಡಬ್ಬಿಯ ಹಿಟ್ಟು

ಹುಲಿಗೆವ್ವನಿಗೆ ನಾನು ತಿಂಗಳು ಅಂತಲೇ ಹೇಳಿದ್ದೆ. ಎಂಟು ದಿನ ಎಂದಿದ್ದೆನೆಂದು ಆಮೇಲೆ ಹತ್ತು ಜನರ ಮುಂದೆ ನುಡಿದದ್ದು ಸುಳ್ಳು. ಇಷ್ಟನ್ನು ಮೊದಲೇ ಬರೆದುಬಿಡುತ್ತೇನೆ — ಇಲ್ಲದಿದ್ದರೆ ಮತ್ತೆ ಸುತ್ತಿ ಬಳಸಿ ತಪ್ಪಿಸಿಕೊಂಡೇನು.

ಎಪ್ಪತ್ತರ ದಶಕದ ಕೊನೆಗೆ ನಾನು ಕುಷ್ಟಗಿ ತಾಲೂಕಿನಲ್ಲಿ ಗ್ರಾಮಸೇವಿಕೆಯಾಗಿದ್ದೆ. ಊರೂರಿಗೆ ಹೋಗಿ ಹೆಂಗಸರನ್ನು ಕೂಡಿಸಿಕೊಂಡು, ಮಕ್ಕಳಿಗೆ ಏನು ಉಣಿಸಬೇಕು, ಯಾವ ಪದಾರ್ಥ ಮನೆಯಲ್ಲಿ ಎಷ್ಟು ದಿನ ಕೆಡದೆ ಇರುತ್ತದೆ ಎಂದು ಹೇಳಿಕೊಡುವುದು ನನ್ನ ಕೆಲಸ. ಒಂದು ಮಳೆಗಾಲದ ದಿನ ಹುಲಿಗೆವ್ವನ ಊರಿನಲ್ಲಿ ಹುರಿದ ಜೋಳ, ಹೆಸರು, ಶೇಂಗಾ ಬೀಸಿ, ಬೆಲ್ಲ ಬೆರೆಸಿ, ಕೂಸುಗಳಿಗೆ ಕಲಸಿ ಕೊಡುವ ಹಿಟ್ಟು ಮಾಡಿ ತೋರಿಸಿದ್ದೆ. ಉಳಿದವರೆಲ್ಲ ಎದ್ದು ಹೋದ ಮೇಲೂ ಹುಲಿಗೆವ್ವ ಹತ್ತು ತಿಂಗಳ ಮಗಳನ್ನು ಬಗಲಲ್ಲಿ ಎತ್ತಿಕೊಂಡು ನಿಂತಿದ್ದಳು.

“ಅಕ್ಕಾರ, ಇದು ಎಷ್ಟ ದಿನ ಇರತೈತ್ರಿ?”

ತರಬೇತಿಯಲ್ಲಿ ಹೇಳಿಕೊಟ್ಟಿದ್ದರು — ಬೆಲ್ಲ ಬೆರೆಸಿದ್ದನ್ನು, ಅದರಲ್ಲೂ ಮಳೆಗಾಲದಲ್ಲಿ, ಎಂಟು ದಿನಕ್ಕಿಂತ ಹೆಚ್ಚು ಇಡಬಾರದು. ಆಗ ಅದು ನೆನಪಾಗಲಿಲ್ಲ. ನೆನಪಿಲ್ಲ ಎನ್ನಲು ಬಾಯಿ ಬರಲಿಲ್ಲ. ಆ ಊರಿಗೆ ನಾನು ಹೋಗುತ್ತಿದ್ದದ್ದು ತಿಂಗಳಿಗೊಮ್ಮೆ. ನಾಲಿಗೆಗೆ ಬಂದದ್ದೂ ಅದೇ.

“ತಿಂಗಳ ಇರತೈತಿ,” ಅಂದೆ. ಬಸ್ಸಿನ ಹೊತ್ತಾಗಿತ್ತು.

ಮುಂದಿನ ಸಲ ಹೋದಾಗ ಕೂಸು ಇರಲಿಲ್ಲ. ಎರಡು ದಿನ ವಾಂತಿ, ಭೇದಿ. ಗಾಡಿ ಕಟ್ಟಿ ಕುಷ್ಟಗಿಗೆ ಒಯ್ಯುವಷ್ಟರಲ್ಲಿ ದಾರಿಯಲ್ಲೇ ಮುಗಿದಿತ್ತಂತೆ. ಅಂಗಳದಲ್ಲಿ ನೆರೆಯವರು ಸೇರಿದ್ದರು. ಹುಲಿಗೆವ್ವನ ಅತ್ತೆ, ಸೊಸೆ ಆ ಹಿಟ್ಟು ಮಾಡಿ ತುಂಬಿಟ್ಟಿದ್ದ ತಗಡಿನ ಡಬ್ಬಿ ತಂದು ನನ್ನ ಮುಂದೆ ಇಟ್ಟಳು. ಜಿಟಿಜಿಟಿ ಮಳೆಯ ತೇವಕ್ಕೆ ಹಿಟ್ಟು ಗಂಟುಗಂಟಾಗಿ ಹಸಿರು ಬೂಸು ಹಿಡಿದಿತ್ತು.

“ಮುಗ್ಗು ವಾಸನಿ ಬರಾಕತ್ತೈತಿ, ಚೆಲ್ಲು ಅಂದೀನ್ರಿ ನಾನು. ಅಕ್ಕಾರು ತಿಂಗಳ ಅಂದಾರ, ಇನ್ನೂ ಇಪ್ಪತ್ತ ದಿನ ಆಗೈತಿ ಅಂದ್ಲು ಈಕಿ. ನೀವ ಹೇಳ್ರಿ, ಏನಂದಿದ್ರಿ?”

ಗೋಡೆಗೆ ಒರಗಿದ್ದ ಹುಲಿಗೆವ್ವ ತಲೆಯೆತ್ತಿ ನನ್ನ ಬಾಯಿಯನ್ನೇ ನೋಡಿದಳು. ನನಗೆ ನೌಕರಿಯ ಭಯ, ಮನೆಯಲ್ಲಿ ನನ್ನನ್ನೇ ನಂಬಿದ್ದ — ಇಲ್ಲ, ಅದನ್ನು ಬರೆಯುವುದಿಲ್ಲ.

“ನಾನು ಎಂಟ ದಿನ ಅಂದಿದ್ದೆ.”

ಅವಳು ವಾದಿಸಲಿಲ್ಲ. ಗಂಡ ಎದ್ದು ಒಳಗೆ ಹೋದ. ಸ್ವಲ್ಪ ದಿನಗಳಲ್ಲೇ ಅವಳನ್ನು ಗಂಗಾವತಿ ಕಡೆಯ ತವರಿಗೆ ಕಳಿಸಿದರು, ಮತ್ತೆ ಕರೆತರಲಿಲ್ಲ. ಅವನು ಇನ್ನೊಂದು ಮದುವೆಯಾದ. ‘ಕೂಸು ಕೊಂದಾಕಿ’ — ಆ ಊರಿನಲ್ಲಿ ಅವಳಿಗೆ ಉಳಿದ ಹೆಸರು ಅದು. ನನ್ನನ್ನು ಮಾತ್ರ ಮೊದಲಿನಂತೆಯೇ ಕರೆದು ಚಹಾ ಕೊಟ್ಟು ಮಾತಾಡಿಸುತ್ತಿದ್ದರು. ಕುಡಿಯುತ್ತಿದ್ದೆ.

ಏಳೆಂಟು ವರ್ಷಗಳ ಮೇಲೆ ನನಗೆ ಗಂಗಾವತಿಗೆ ವರ್ಗವಾಯಿತು. ಒಂದು ದಿನ ಕಾಲುವೆ ಪಕ್ಕದ ಗದ್ದೆಯಲ್ಲಿ ಸಸಿ ಹಚ್ಚುತ್ತಿದ್ದ ಹೆಂಗಸರಲ್ಲಿ ಒಬ್ಬಳು ಕೆಸರುಗೈ ತೊಳೆದುಕೊಂಡು ಬದುವಿಗೆ ಬಂದಳು. ಹುಲಿಗೆವ್ವ. ಗುರುತು ಹಿಡಿಯಲು ಹೊತ್ತು ಬೇಕಾಯಿತು, ಅಷ್ಟು ಸೊರಗಿದ್ದಳು.

“ಆರಾಮ ಅದೀರೇನ್ರಿ ಅಕ್ಕಾರ?” ಅಂದಳು. ಸೆರಗಿಗೆ ಕೈ ಒರೆಸಿಕೊಳ್ಳುತ್ತ, “ಭಾಳ ವಿಚಾರ ಮಾಡೀನ್ರಿ. ನೀವು ಎಂಟ ದಿನಾನ ಅಂದಿರಬೇಕು. ನಾನ ತಪ್ಪ ಕೇಳಿಸ್ಕೊಂಡೀನಿ. ಈಗ ಒಂದ ಹೊತ್ತಿಂದು ಇನ್ನೊಂದ ಹೊತ್ತಿಗೆ ಇಡಂಗಿಲ್ಲ, ಚೆಲ್ಲಿಬಿಡತೀನಿ,” ಅಂದಳು.

ನಮ್ಮ ಹತ್ತಿರ ಯಾರೂ ಇರಲಿಲ್ಲ. ಒಂದು ಮಾತು ಸಾಕಿತ್ತು. ನಾನು — “ಇರ್ಲಿ ಬಿಡವ್ವ” ಅಂದೆ. ಕ್ಷಮಿಸಿದವಳ ಹಾಗೆ. ಮೊದಲ ಸುಳ್ಳಿನ ಹಿಂದೆ ಹೆದರಿಕೆಯಾದರೂ ಇತ್ತು. ಇದರ ಹಿಂದೆ ಏನಿತ್ತು?

ಆಮೇಲೆ ಅವಳನ್ನು ಹುಡುಕಿದೆ. ಹಾಗೆಂದು ಹೇಳಿಕೊಳ್ಳಲೂ ನಾಚಿಕೆ — ಹುಡುಕಲು ಹೊರಟದ್ದು ನಿವೃತ್ತಿಯಾದ ಮೇಲೆ, ಕಳೆದುಕೊಳ್ಳುವುದು ಏನೂ ಉಳಿಯದಿದ್ದಾಗ. ಕೂಲಿಯವರ ಗುಂಪಿನೊಂದಿಗೆ ಆಂಧ್ರದ ಕಡೆ ಹೋಗಿದ್ದಳಂತೆ. ತಿರುಗಿ ಬಂದದ್ದನ್ನು ಯಾರೂ ಕಂಡಿಲ್ಲ.

ಅವಳ ಗಂಡ ಮಾತ್ರ ಅದೇ ಮನೆಯಲ್ಲಿದ್ದಾನೆ. ಬರುವ ಸೋಮವಾರ ಅಲ್ಲಿಗೆ ಹೋಗುತ್ತೇನೆ. ಅವನಿಗೂ, ಆ ದಿನ ಅಂಗಳದಲ್ಲಿದ್ದವರಲ್ಲಿ ಉಳಿದವರಿಗೂ ಹೇಳುತ್ತೇನೆ. ಬೈದರೆ ಕೇಳಿಸಿಕೊಳ್ಳುತ್ತೇನೆ. ಬಾಗಿಲು ಹಾಕಿಕೊಂಡರೆ ಓಣಿಯಲ್ಲಿ ನಿಂತು ಹೇಳುತ್ತೇನೆ.